ಕಡತದ ಮೊದಲ ಮಡಿಕೆ

ಅಜ್ಜನ ಕಡತ ನನ್ನ ಕೈಗೆ ಬಂದದ್ದು ಅಪ್ಪ ಹಳೇ ಮನೆಯ ಅಟ್ಟ ಖಾಲಿ ಮಾಡಿಸಿದ ವರ್ಷ. ಕೆಂಪು ಬಟ್ಟೆಯಲ್ಲಿ ಸುತ್ತಿ, ದಾರ ಕಟ್ಟಿ, ಅಡಿಕೆ ಪೆಟ್ಟಿಗೆಯ ತಳದಲ್ಲಿ ಇಟ್ಟಿದ್ದರು. ಬಿಚ್ಚಿದರೆ ಒಂದು ಗೇಣು ಅಗಲದ ಕರಿ ಬಟ್ಟೆ, ಬೀಸಣಿಗೆಯ ಹಾಗೆ ಹಿಂದಕ್ಕೂ ಮುಂದಕ್ಕೂ ಮಡಿಚಿದ್ದು. ಎಳೆದು ಹಾಸಿದರೆ ಪಡಸಾಲೆಯ ಈ ಕಂಬದಿಂದ ಆ ಕಂಬಕ್ಕೆ ಮುಟ್ಟುತ್ತದೆ. ಕೈಗೆ ದಪ್ಪ ರಟ್ಟಿನಂತೆ ಹತ್ತುತ್ತದೆ, ಮೂಗಿಗೆ ಹಿಡಿದರೆ ಇವತ್ತಿಗೂ ಸಣ್ಣಗೆ ಇದ್ದಿಲ ವಾಸನೆ. ಅದರ ಮೇಲೆ ಬಳಪದ ಬಿಳಿ ಅಕ್ಷರಗಳು. ನಡುವಿನ ಮಡಿಕೆಗಳಲ್ಲೆಲ್ಲ ಅಜ್ಜನ ಅಂಗಡಿಯ ಲೆಕ್ಕ: ಇಂಥವರಿಗೆ ಇಷ್ಟು ಸೇರು ಕಡಲೆ, ಇಷ್ಟು ಆಣೆ ಬಾಕಿ. ಮೊದಲ ಮಡಿಕೆಯಲ್ಲಿ ಲೆಕ್ಕವಿಲ್ಲ. ಅಲ್ಲಿ ಕ ಕಾ ಕಿ ಕೀ ಎಂದು ಕಃ-ವರೆಗೆ ಒಂದು ಬಳ್ಳಿ ಕಾಗುಣಿತ ಇದೆ. ಮೇಲಿನ ಸಾಲು ಪಾಠ ಹೇಳುವ ಐನೋರ ಕೈ, ದುಂಡಗೆ, ತಡೆಯಿಲ್ಲದೆ ಹರಿದದ್ದು. ಕೆಳಗಿನ ಸಾಲು ಒಂದು ಮಗುವಿನ ಕೈ. ಕಿ-ಯ ಗುಡಿಸು ತಲೆಯಿಂದ ಜಾರಿದೆ, ಕೃ-ದ ಸುಳಿ ಎರಡು ಸಲ ತಿದ್ದಿ ದಪ್ಪಗಾಗಿದೆ.

ಆ ಮಗು ನನ್ನಜ್ಜ. ಹಗರಿಬೊಮ್ಮನಹಳ್ಳಿ ಕಡೆಯ ಒಂದು ಊರಿನ ಐನೋರ ಮಠದಲ್ಲಿ, ಅಂದರೆ ಊರಶಾಲೆಯಲ್ಲಿ, ಅವನು ಅಕ್ಷರ ಕಲಿತದ್ದು 1900ರ ಆಚೀಚೆ. ಆಗ ಬಳ್ಳಾರಿ ಮದ್ರಾಸು ಪ್ರಾಂತ್ಯದ ಜಿಲ್ಲೆ. ಆ ಮಡಿಕೆಯನ್ನು ಒರೆಸಬಾರದೆಂದು ಅವನು ಮನೆಯಲ್ಲಿ ಎಲ್ಲರಿಗೂ ಹೇಳಿದ್ದನಂತೆ. ನಾನು 1979ರಿಂದ 2017ರವರೆಗೆ ಸರಕಾರಿ ಶಾಲೆಗಳಲ್ಲಿ ಟೀಚರಾಗಿದ್ದೆ, ಅದರಲ್ಲಿ ಬಹುಪಾಲು ವರ್ಷ ಒಂದನೇ ಕ್ಲಾಸು. ಎಷ್ಟು ಮಕ್ಕಳಿಗೆ ಕ ಕಾ ಕಿ ತಿದ್ದಿಸಿದ್ದೇನೋ ಲೆಕ್ಕವಿಟ್ಟಿಲ್ಲ. ಆದರೆ ಮಕ್ಕಳು ಓದಲು ಹೇಗೆ ಕಲಿಯುತ್ತಾರೆ ಎಂದು ಯಾರಾದರೂ ಕೇಳಿದಾಗ ನನಗೆ ಮೊದಲು ನೆನಪಾಗುವುದು ಈ ಮಡಿಕೆ.

ಕಡತ ಎಂದರೆ ಇವತ್ತಿನವರಿಗೆ ತಾಲ್ಲೂಕು ಕಚೇರಿಯ ಫೈಲು. ಕಡತ ವಿಲೇವಾರಿ, ಕಡತ ನಾಪತ್ತೆ ಎಂದು ಪೇಪರಿನಲ್ಲಿ ಬರುತ್ತದೆ. ಆ ಮಾತು ಹುಟ್ಟಿದ್ದು ಈ ಕರಿ ಬಟ್ಟೆಯಿಂದ. ಮೈಸೂರಿನಲ್ಲಿ ರೆಸಿಡೆಂಟಾಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಮೈಸೂರಿನ ಇತಿಹಾಸ ಬರೆಯುವಾಗ ಕಡತವನ್ನು ವಿವರವಾಗಿ ಬಣ್ಣಿಸಿದ್ದಾನೆ: ಎಂಟು ಅಂಗುಲದಿಂದ ಒಂದು ಅಡಿ ಅಗಲ, ಹನ್ನೆರಡರಿಂದ ಹದಿನೆಂಟು ಅಡಿ ಉದ್ದದ ಹತ್ತಿಬಟ್ಟೆ, ಎರಡೂ ಮಗ್ಗುಲಿಗೆ ಸರಿ ಮತ್ತು ಇದ್ದಿಲ ಪುಡಿಯ ಲೇಪ, ಒಣಗಿದ ಮೇಲೆ ಕತ್ತರಿಸದೆ ಮಡಿಕೆ ಹಾಕುವುದು. ನಮ್ಮ ಮನೆಯಲ್ಲಿ ಆ ಸರಿಯನ್ನು ಹುಣಸೆಬೀಜದಿಂದ ಮಾಡುತ್ತಿದ್ದರೆಂದು ಅಪ್ಪ ಹೇಳುತ್ತಿದ್ದ. ಬೀಜ ಹುರಿದು, ಸಿಪ್ಪೆ ತೆಗೆದು, ನೆನೆಹಾಕಿ ರುಬ್ಬಿ ಕುದಿಸಿದರೆ ಅಂಟು ಸಿದ್ಧ. ಬರೆಯುವುದು ಬಳಪದಲ್ಲಿ. ಒದ್ದೆ ಬಟ್ಟೆಯಿಂದ ಒರೆಸಿದರೆ ಹೋಗುತ್ತದೆ, ಒರೆಸದೆ ಮಡಿಚಿಟ್ಟರೆ ನೂರು ವರ್ಷ ಉಳಿಯುತ್ತದೆ. ಉಳಿಯುತ್ತದೆಂಬುದಕ್ಕೆ ಸಾಕ್ಷಿ ನನ್ನ ಪೆಟ್ಟಿಗೆಯಲ್ಲಿದೆ.

ಅಜ್ಜ ಕಲಿತಂಥ ಮಠಗಳ ದಿನಚರಿ ನನಗೆ ತಿಳಿದದ್ದು ಬಹಳ ತಡವಾಗಿ, ಒಬ್ಬ ಕಲೆಕ್ಟರನ ವರದಿಯಿಂದ. ಮದ್ರಾಸಿನ ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ಪ್ರಾಂತ್ಯದ ಎಲ್ಲ ಜಿಲ್ಲೆಗಳಲ್ಲೂ ಊರಶಾಲೆಗಳ ಲೆಕ್ಕ ತೆಗೆಯಲು ಹೇಳಿದ. ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟಿನಲ್ಲಿ ಉತ್ತರ ಬರೆದ. ಬೇರೆ ಎಷ್ಟೋ ಕಲೆಕ್ಟರುಗಳು ಬರೀ ಅಂಕಿ ತುಂಬಿ ಕಳಿಸಿದರೆ ಈತ ಶಾಲೆಯೊಳಗೆ ಕೂತು ನೋಡಿದವನಂತೆ ಬರೆದ. ತೆಲುಗಿಗೆ ವ್ಯಾಕರಣ ಬರೆದಿದ್ದ ಮನುಷ್ಯ, ಅಕ್ಷರದ ಮೇಲೆ ಕಣ್ಣಿತ್ತು. ಧರ್ಮಪಾಲರು 1983ರಲ್ಲಿ ಈ ವರದಿಗಳನ್ನೆಲ್ಲ ಒಟ್ಟು ಮಾಡಿ ಪುಸ್ತಕ ತಂದರು. ನಾನು ಓದಿದ್ದು ಅದರಲ್ಲಿ.

ಜಿಲ್ಲೆಯ ಜನಸಂಖ್ಯೆ 9,27,857. ಶಾಲೆಗಳು 533, ಕಲಿಯುವವರು 6,641. ಶಾಲೆಗೆ ಸುಮಾರು ಹನ್ನೆರಡು ಮಕ್ಕಳು. ಕನ್ನಡ ಕಲಿಸುವವು 235, ತೆಲುಗು 226, ಮರಾಠಿ 23, ಪಾರ್ಸಿ 21, ತಮಿಳು 4, ಇಂಗ್ಲಿಷು ಒಂದೇ ಒಂದು. ಉಳಿದ 23 ವೇದ, ಶಾಸ್ತ್ರಗಳ ಪಾಠಶಾಲೆಗಳು. ಆಗಿನ ಬಳ್ಳಾರಿ ಜಿಲ್ಲೆಯಲ್ಲಿ ಅನಂತಪುರದ ಸೀಮೆಯೂ ಸೇರಿತ್ತು, ಅದಕ್ಕೇ ತೆಲುಗು ಕನ್ನಡದ ಸರಿಸಮಕ್ಕೆ ನಿಂತಿದೆ.

ಆ 6,641ರಲ್ಲಿ ಹುಡುಗಿಯರು ಎಷ್ಟು? ಅರವತ್ತು. ಈ ಅಂಕಿ ಮೊದಲ ಸಲ ಓದಿದಾಗ ಪುಸ್ತಕ ಮುಚ್ಚಿಟ್ಟು ಎದ್ದು ಹೋಗಿ ನೀರು ಕುಡಿದು ಬಂದೆ. ನನ್ನ ಒಂದು ಕ್ಲಾಸಿನಲ್ಲೇ ಕೆಲವು ವರ್ಷ ಮೂವತ್ತು ಹುಡುಗಿಯರು ಕೂತಿರುತ್ತಿದ್ದರು. ಹಳೆಯ ಮಠಗಳನ್ನು ಹೊಗಳಲು ಹೊರಟವರು ಈ ಅರವತ್ತನ್ನು ದಾಟಿ ಹೋಗಬಾರದು.

ಕ್ಯಾಂಪ್‌ಬೆಲ್ ಹೇಳುವ ಪ್ರಕಾರ ಮಗುವಿಗೆ ಐದು ತುಂಬಿದಾಗ ಅಕ್ಷರಾಭ್ಯಾಸ. ಮೇಷ್ಟ್ರನ್ನೂ ಶಾಲೆಯ ಮಕ್ಕಳನ್ನೂ ಮನೆಗೇ ಕರೆಯುತ್ತಾರೆ. ಗಣೇಶನ ಮೂರ್ತಿಯ ಸುತ್ತ ಎಲ್ಲರೂ ಕೂರುತ್ತಾರೆ, ಮಗು ಅದಕ್ಕೆ ನೇರ ಎದುರಿಗೆ. ಐನೋರು ಪಕ್ಕದಲ್ಲಿ ಕೂತು ಅದರ ಬೆರಳು ಹಿಡಿದು ಅಕ್ಕಿಯಲ್ಲಿ ದೇವರ ಹೆಸರು ಬರೆಸುತ್ತಾರೆ. ಮಾರನೇ ದಿನ ಬೆಳಗ್ಗೆಯಿಂದ ಪಾಠ. ನಮ್ಮ ಕಡೆ ಈಗಲೂ ಯಾವ ಕೆಲಸ ಶುರು ಮಾಡಿದರೂ ‘ಓನಾಮ ಹಾಕಿದಿ’ ಅನ್ನುತ್ತಾರಲ್ಲ, ಅದು ಆ ಅಕ್ಕಿಯಲ್ಲಿ ಬರೆಸುವ ಮೊದಲ ಬರಹದಿಂದ ಬಂದದ್ದು.

ಬೆಳಗಿನ ಆರಕ್ಕೆ ಮಠ ಶುರು. ಮೊದಲು ಬಂದ ಹುಡುಗನ ಅಂಗೈ ಮೇಲೆ ಸರಸ್ವತಿಯ ಹೆಸರು ಬರೆಯುತ್ತಿದ್ದರು. ಎರಡನೆಯವನಿಗೆ ಸೊನ್ನೆ. ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೆ ಒಬ್ಬೊಬ್ಬನಿಗೆ ಒಂದೊಂದು ಹೆಚ್ಚು. ಸೋಮಾರಿ ಹುಡುಗನ ಎರಡೂ ಕೈ ಕಟ್ಟಿ ತೊಲೆಗೆ ಎತ್ತಿ ತೂಗುಹಾಕುವುದೂ ಇತ್ತು. ಅಜ್ಜನ ಕಾಲಕ್ಕೂ ಇದು ಹೋಗಿರಲಿಲ್ಲ. ಹಗ್ಗದ ಮಾತು ಬಂದರೆ ಅವನು ಮಾತು ಬದಲಿಸುತ್ತಿದ್ದ ಎಂದು ಅಪ್ಪ ಹೇಳಿದ್ದ. ಮಕ್ಕಳನ್ನು ಹೊಡೆದು ಅಕ್ಷರ ಕಲಿಸಬಹುದೆಂದು ಈಗಲೂ ನಂಬುವವರಿದ್ದಾರೆ. ಮೂವತ್ತೆಂಟು ವರ್ಷ ಕ್ಲಾಸಿನಲ್ಲಿ ನಿಂತು ನೋಡಿ ಹೇಳುತ್ತೇನೆ, ಹೆದರಿದ ಮಗುವಿನ ಕಿವಿ ಮುಚ್ಚಿಕೊಳ್ಳುತ್ತದೆ. ಕಿವಿ ಮುಚ್ಚಿದರೆ ಸ್ವರ ಒಳಗೆ ಹೋಗುವುದಿಲ್ಲ.

ಇನ್ನು ವರದಿಯಲ್ಲಿ ನನಗೆ ಬೇಕಾದ ಜಾಗ. ಮಗು ಮಠಕ್ಕೆ ಬಂದೊಡನೆ ಮಾಡುವ ಮೊದಲ ಕೆಲಸ ಅಕ್ಷರ ತಿಳಿಯುವುದು. ಅದನ್ನು ಅದು ಕಲಿಯುವುದು ನೆಲದ ಮರಳಿನ ಮೇಲೆ ಬೆರಳಿನಿಂದ ಬರೆದು, ಯೂರೋಪಿನವರ ಹಾಗೆ ಅಕ್ಷರದ ಹೆಸರು ಒಪ್ಪಿಸಿ ಅಲ್ಲ, ಎನ್ನುತ್ತಾನೆ ಕ್ಯಾಂಪ್‌ಬೆಲ್. ಬೆರಳು ಪಳಗಿದ ಮೇಲೆ ಕಬ್ಬಿಣದ ಕಂಟದಿಂದ ಓಲೆಗರಿಯ ಮೇಲೋ, ಲೇಖನಿಯಿಂದ ಕಾಗದದ ಮೇಲೋ, ಬಳಪದಿಂದ ಹಲಗೆ ಅಥವಾ ಕಡತದ ಮೇಲೋ ಬರೆಯುವ ಹಕ್ಕು ಸಿಗುತ್ತದೆ. ಬಳ್ಳಾರಿ ಸೀಮೆಯಲ್ಲಿ ಹಲಗೆ, ಕಡತಗಳೇ ಹೆಚ್ಚು. ಹಲಗೆ ಮೂರಡಿ ಉದ್ದ, ಒಂದಡಿ ಅಗಲ. ನುಣುಪು ಮಾಡಿ ಅನ್ನ, ಇದ್ದಿಲು ಸವರಿದ್ದು. ಅಕ್ಷರ ಚೆನ್ನಾಗಿ ಬಂದ ಮೇಲೆ ಕಾಗುಣಿತ. ಆಮೇಲೆ ಮನುಷ್ಯರ ಹೆಸರು, ಊರುಗಳ ಹೆಸರು, ಪ್ರಾಣಿಗಳ ಹೆಸರು. ಕೊನೆಗೆ ಅಂಕಿ.

ಈ ಕ್ರಮವನ್ನು ನಾನು ಎಷ್ಟು ಸಲ ಓದಿದ್ದೇನೋ. ಬೆರಳು, ಮರಳು, ಅಕ್ಷರ, ಗುಣಿತ, ಹೆಸರು. ಮಗುವಿಗೆ ತನ್ನ ಹೆಸರು, ಅವ್ವನ ಹೆಸರು, ತನ್ನೂರ ಹೆಸರಿಗಿಂತ ದೊಡ್ಡ ಪಾಠ ಯಾವುದಿದೆ? ಇದನ್ನು ಯಾರೋ ಮಕ್ಕಳನ್ನು ಬಲ್ಲವರೇ ಕಟ್ಟಿರಬೇಕು.

ಕ್ಯಾಂಪ್‌ಬೆಲ್ ಮೆಚ್ಚಿದ ಹಾಗೇ ಬೈದದ್ದೂ ಇದೆ. ಮೇಲಿನ ತರಗತಿಯ ಹುಡುಗರು ರಾಮಾಯಣ, ಭಾರತ, ಭಾಗವತದ ಪದ್ಯಗಳನ್ನು ಉರು ಹೊಡೆಯುತ್ತಾರೆ. ಆಡುಮಾತಿಗೂ ಆ ಪದ್ಯದ ಭಾಷೆಗೂ ದೂರವಾದ್ದರಿಂದ ಗಿಣಿಗೆ ಎಷ್ಟು ಅರ್ಥ ಗೊತ್ತೋ ಇವರಿಗೂ ಅಷ್ಟೇ ಎನ್ನುತ್ತಾನೆ. ಶಾಲೆಗಳು ಕ್ಷೀಣಿಸಿದ್ದಕ್ಕೆ ಕಾರಣ ಬಡತನ ಎಂದೂ ಮುಚ್ಚುಮರೆಯಿಲ್ಲದೆ ಬರೆದ. ಇಂಗ್ಲೆಂಡಿನ ಬಟ್ಟೆ ಬಂದು ಇಲ್ಲಿನ ನೇಕಾರರ ಕೈ ಖಾಲಿಯಾಯಿತು, ಐನೋರಿಗೆ ಕೊಡಲು ತಂದೆತಾಯಿಗಳ ಹತ್ತಿರ ಏನೂ ಉಳಿಯಲಿಲ್ಲ. ಸರಕಾರದ ನೌಕರನೊಬ್ಬ ತನ್ನ ಸರಕಾರಕ್ಕೇ ಹೀಗೆ ಬರೆದದ್ದನ್ನು ಗೌರವದಿಂದ ನೆನೆಯಬೇಕು.

ಕ್ಯಾಂಪ್‌ಬೆಲ್‌ಗಿಂತ ಸರಿಯಾಗಿ ಇನ್ನೂರು ವರ್ಷ ಹಿಂದೆ, 1623ರಲ್ಲಿ, ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ಪ್ರವಾಸಿ ಹೊನ್ನಾವರದ ಕಡೆಯಿಂದ ಘಟ್ಟ ಹತ್ತಿ ಇಕ್ಕೇರಿಗೆ ಹೊರಟಿದ್ದ. ಕೆಳದಿಯ ವೆಂಕಟಪ್ಪ ನಾಯಕನ ಕಾಲ. ದಾರಿಯಲ್ಲಿ ಒಂದು ಗುಡಿಯ ಜಗಲಿಯ ಮೇಲೆ ನಾಲ್ಕು ಹುಡುಗರು ಕೂತಿದ್ದರು. ನೆಲಕ್ಕೆಲ್ಲ ನುಣ್ಣನೆಯ ಮರಳು ಹರಡಿತ್ತು. ಒಬ್ಬ ಹುಡುಗ ಲೆಕ್ಕದ ಪಾಠವನ್ನು ರಾಗವಾಗಿ ಹಾಡುತ್ತ, ಹಾಡಿದ್ದನ್ನೇ ಬೆರಳಿನಿಂದ ಮರಳಲ್ಲಿ ಬರೆಯುತ್ತಿದ್ದ. ಉಳಿದ ಮೂವರೂ ಅದನ್ನೇ ಹಾಡಿ, ಅದನ್ನೇ ಬರೆಯುತ್ತಿದ್ದರು. ನೆಲ ತುಂಬಿದರೆ ಅಂಗೈಯಿಂದ ಸವರಿ, ಪಕ್ಕದ ಗುಡ್ಡೆಯಿಂದ ಹೊಸ ಮರಳು ಚೆಲ್ಲಿ ಮತ್ತೆ ಶುರು. ಮೇಷ್ಟ್ರು ಅಲ್ಲಿರಲಿಲ್ಲ. ಮರೆತರೆ ತಿದ್ದುವವರು ಯಾರು ಎಂದು ಆತ ಕೇಳಿದ. ನಾಲ್ಕು ಜನರೂ ಒಂದೇ ಜಾಗದಲ್ಲಿ ಮರೆಯಲು ಸಾಧ್ಯವಿಲ್ಲ, ಒಬ್ಬ ತಪ್ಪಿದರೆ ಇನ್ನೊಬ್ಬ ತಿದ್ದುತ್ತಾನೆ ಎಂದರು ಹುಡುಗರು. ದೂರದೇಶದಿಂದ ಬಂದವನು ಆ ಉತ್ತರಕ್ಕೆ ತಲೆದೂಗಿದ.

ಆ ಜಗಲಿಯಲ್ಲಿ ಬಾಯಿ ಹಾಡುವುದೂ ಬೆರಳು ಬರೆಯುವುದೂ ಒಂದೇ ಉಸಿರಿನಲ್ಲಿ ನಡೆದಿತ್ತು. ನಾನು ಇಲ್ಲಿ ಹೇಳಬೇಕೆಂದು ಕೂತಿರುವ ಮಾತೂ ಅದೇ.

ಮಗು ಓದು ಕಲಿಯಲು ಕಿವಿಯಲ್ಲಿ ಬಿದ್ದ ಸದ್ದಿಗೂ ಕಣ್ಣಿಗೆ ಕಂಡ ಗೆರೆಗೂ ಗಂಟು ಹಾಕಬೇಕು. ಇಂಗ್ಲಿಷಿನಲ್ಲಿ ಆ ಗಂಟು ಸಡಿಲ. ಸಿ, ಎ, ಟಿ ಎಂದು ಅಕ್ಷರದ ಹೆಸರು ಎಷ್ಟು ಸಲ ಒಪ್ಪಿಸಿದರೂ ಅದರೊಳಗಿಂದ ಕ್ಯಾಟ್ ಎಂಬ ಸದ್ದು ಹೊರಡುವುದಿಲ್ಲ. ಹೆಸರು ಬಿಟ್ಟು ಸದ್ದು ಕಲಿಸಿ ಎಂಬ ವಾದ ಯೂರೋಪಿನಲ್ಲಿ ಹಳೆಯದು. ಜರ್ಮನಿಯ ವ್ಯಾಲೆಂಟಿನ್ ಇಕೆಲ್ಸಾಮರ್ 1527ರಲ್ಲೇ ಆ ಬಗ್ಗೆ ಪುಸ್ತಕ ಬರೆದಿದ್ದ. ಇಂಗ್ಲೆಂಡಿನಲ್ಲಿ ಜಿಮ್ ರೋಸ್ ಅವರ 2006ರ ವರದಿಯ ನಂತರ ಎಲ್ಲ ಶಾಲೆಗಳಲ್ಲೂ ಮೊದಲು ಸದ್ದು ಜೋಡಿಸುವ ಪಾಠ ಎಂದಾಯಿತು. ಫೋನಿಕ್ಸ್ ಎಂಬ ಹೆಸರಿನಲ್ಲಿ ಈಗ ನಮ್ಮ ತಾಲ್ಲೂಕು ಊರುಗಳ ಗೋಡೆ ಬರಹಗಳಲ್ಲೂ ಕಾಣುವುದು ಅದೇ.

ಕನ್ನಡದಲ್ಲಿ ಅಕ್ಷರದ ಹೆಸರೇ ಅದರ ಸದ್ದು. ಕ ಎಂದರೆ ಕ. ಆ ಲೆಕ್ಕದಲ್ಲಿ ನಮ್ಮ ಮಕ್ಕಳು ಪುಣ್ಯವಂತರು. ಆದರೆ ನಮ್ಮ ಕಷ್ಟ ಬೇರೆ ಕಡೆ ಇದೆ. 34 ವ್ಯಂಜನಕ್ಕೆ 15 ಗುಣಿತ ಎಂದರೆ 510 ರೂಪ, ಮೇಲೆ ಒತ್ತಕ್ಷರ. ಕ-ದ ಒಳಗೆ ಅಡಗಿರುವ ಅ-ವನ್ನು ತೆಗೆದು ಇ ಕೂರಿಸಿದರೆ ಕಿ. ದೊಡ್ಡವರಿಗೆ ಇದು ತಿಳಿದ ಮಾತು, ಐದು ವರ್ಷದ ಮಗುವಿಗೆ ಕಣ್ಣಿಗೆ ಕಾಣದ ಲೆಕ್ಕ. ಇದಕ್ಕೆ ನಮ್ಮ ಮಠಗಳು ಕಂಡುಕೊಂಡ ದಾರಿ ಕಾಗುಣಿತದ ರಾಗ:

ಕ ತಲಕಟ್ಟು ಕ, ಕ-ಕೆ ಇಳಿ ಕಾ, ಕ-ಕೆ ಗುಡಿಸು ಕಿ, ಗುಡಿಸಿನ ದೀರ್ಘ ಕೀ, ಕ-ಕೆ ಕೊಂಬು ಕು, ಕೊಂಬಿನಿಳಿ ಕೂ, ವಟ್ರಸುಳಿ ಕೃ, ಏತ್ವ ಕೆ...

ನಿಧಾನವಾಗಿ ಹೇಳಿ ನೋಡಿ. ‘ಕ-ಕೆ ಗುಡಿಸು ಕಿ’ ಎಂಬ ಮೂರು ತುಣುಕಿನಲ್ಲಿ ಮೊದಲನೆಯದು ಗೊತ್ತಿರುವ ಅಕ್ಷರ, ಎರಡನೆಯದು ಕೈ ಮಾಡಬೇಕಾದ ಗೆರೆಯ ಹೆಸರು, ಮೂರನೆಯದು ಹುಟ್ಟಿದ ಹೊಸ ಸದ್ದು. ಅಡುಗೆ ಹೇಳಿಕೊಟ್ಟ ಹಾಗೆ: ಇದಕ್ಕೆ ಇದು ಹಾಕು, ಇದಾಗುತ್ತದೆ. ಗುಡಿಸು, ಕೊಂಬು, ಸುಳಿ ಎಲ್ಲವೂ ಮಗು ಮನೆಯಲ್ಲಿ, ಹೊಲದಲ್ಲಿ ಕಂಡ ವಸ್ತುಗಳು. ಎತ್ತಿನ ಕೊಂಬು ನೋಡಿದ ಮಗುವಿಗೆ ಕು-ದ ಕೊಂಬು ತೋರಿಸುವುದು ಕಷ್ಟವಲ್ಲ. ಕನ್ನಡದ ಫೋನಿಕ್ಸ್ ಎಂದರೆ ಇದೇ. ಇದನ್ನು ಯಾರು ಕಟ್ಟಿದರೋ ಅವರ ಹೆಸರು ಯಾವ ಶಾಸನದಲ್ಲೂ ಇಲ್ಲ, ಆದರೆ ನಾನು ಪ್ರತಿವರ್ಷ ಜೂನಿನಲ್ಲಿ ಮನಸ್ಸಿನಲ್ಲೇ ಅವರಿಗೆ ಕೈ ಮುಗಿಯುತ್ತಿದ್ದೆ.

ಮರಳಿನ ಕಥೆ ಸಮುದ್ರ ದಾಟಿದ್ದೂ ಉಂಟು. ಮದ್ರಾಸಿನ ಎಗ್ಮೋರಿನಲ್ಲಿ ಸಿಪಾಯಿಗಳ ತಬ್ಬಲಿ ಗಂಡುಮಕ್ಕಳ ಶಾಲೆಗೆ 1789ರಲ್ಲಿ ಮೇಲ್ವಿಚಾರಕನಾಗಿ ಬಂದ ಆಂಡ್ರ್ಯೂ ಬೆಲ್ ಎಂಬ ಪಾದ್ರಿ, ಒಂದು ದಿನ ಕುದುರೆ ಮೇಲೆ ಹೋಗುವಾಗ ಊರಶಾಲೆಯ ಮಕ್ಕಳು ನೆಲದ ಮರಳಿನಲ್ಲಿ ಬರೆಯುತ್ತಿದ್ದುದನ್ನು ಕಂಡ. ತನ್ನ ಶಾಲೆಯ ಉಪಾಧ್ಯಾಯರಿಗೆ ಹಾಗೆ ಕಲಿಸಿ ಎಂದರೆ ಅವರು ಒಪ್ಪಲಿಲ್ಲ. ಆಗ ಜಾನ್ ಫ್ರಿಸ್ಕೆನ್ ಎಂಬ ಎಂಟು ವರ್ಷದ ಹುಡುಗನನ್ನು ಕರೆದು ಚಿಕ್ಕಮಕ್ಕಳಿಗೆ ಮರಳಲ್ಲಿ ಅಕ್ಷರ ತಿದ್ದಿಸಲು ಹಚ್ಚಿದ. ಅದು ನಡೆಯಿತು. ಬೆಲ್ 1797ರಲ್ಲಿ ಲಂಡನ್ನಿನಲ್ಲಿ ಇದನ್ನು ಅಚ್ಚು ಹಾಕಿಸಿದ, ‘ಮದ್ರಾಸ್ ಪದ್ಧತಿ’ ಎಂದು ಹೆಸರಾಯಿತು. ಜೋಸೆಫ್ ಲ್ಯಾಂಕಾಸ್ಟರ್ ತನ್ನ ಬಡಮಕ್ಕಳ ಶಾಲೆಯಲ್ಲೂ ಮರಳು ತುಂಬಿದ ಮೇಜು ಇಟ್ಟ. ಇಂಗ್ಲೆಂಡಿನ ಕೂಲಿಕಾರರ ಮಕ್ಕಳು ನಮ್ಮ ಮಕ್ಕಳ ಹಾಗೆ ಬೆರಳಿನಿಂದ ಅಕ್ಷರ ಬರೆದರು. ಕ್ಯಾಂಪ್‌ಬೆಲ್‌ಗೂ ಇದು ಗೊತ್ತಿತ್ತು. ಇಲ್ಲಿನ ಕಡಿಮೆ ಖರ್ಚಿನ ಬರಹ, ಮುಂದಿದ್ದವನು ಹಿಂದಿದ್ದವನಿಗೆ ಕಲಿಸುವ ಕ್ರಮ, ಇವನ್ನು ಇಂಗ್ಲೆಂಡು ಅನುಕರಿಸಿದ್ದು ತಕ್ಕದ್ದೇ ಎಂದು ಬರೆದಿದ್ದಾನೆ.

ಇಲ್ಲಿ ಮಾತ್ರ ಸದ್ದಿಗೂ ಗೆರೆಗೂ ಇದ್ದ ಆ ಗಂಟು ಬಿಚ್ಚುತ್ತ ಬಂತು. ಮುಂಬಯಿ ಕರ್ನಾಟಕದಲ್ಲಿ ಶಿಕ್ಷಣ ಇಲಾಖೆಯ ಡೆಪ್ಯೂಟಿ ಚನ್ನಬಸಪ್ಪನವರಂಥವರು ಊರೂರು ತಿರುಗಿ ಕನ್ನಡ ಶಾಲೆ ತೆರೆಸಿದರು, ಮೈಸೂರು ಸೀಮೆಯಲ್ಲಿ ಬಿ.ಎಲ್. ರೈಸ್ 1868ರಲ್ಲಿ ಹೋಬಳಿಗೊಂದು ಶಾಲೆಯ ಯೋಜನೆ ತಂದರು. ಕಲ್ಲಿನ ಪಾಟಿ ಬಂತು, ಅಚ್ಚಿನ ಪುಸ್ತಕ ಬಂತು. ಇವೆಲ್ಲ ಆಗದೆ ಇದ್ದಿದ್ದರೆ ನನ್ನಂಥವಳು ಓದುವುದೆಲ್ಲಿ ಬಂತು, ಟೀಚರಾಗುವುದೆಲ್ಲಿ ಬಂತು. ಆದರೆ ಹನ್ನೆರಡು ಮಕ್ಕಳಿದ್ದ ಜಾಗದಲ್ಲಿ ಐವತ್ತು ಮಕ್ಕಳಾದಾಗ ಒಬ್ಬೊಬ್ಬರ ಬೆರಳು ಹಿಡಿಯುವವರು ಯಾರು? ಮೇಷ್ಟ್ರು ಬೋರ್ಡಿನ ಮೇಲೆ ಕೋಲು ಇಟ್ಟು ಓಡಿಸುವುದು, ಮಕ್ಕಳು ಕೂಗುವುದು ಒಂದು ಪಾಠವಾಯಿತು. ಪಾಟಿಯ ಮೇಲೆ ನೋಡಿ ಬರೆಯುವುದು ಇನ್ನೊಂದು ಪಾಠವಾಯಿತು. ಬಾಯಿ ಒಂದು ಕಡೆ, ಕೈ ಇನ್ನೊಂದು ಕಡೆ.

ನಾನೂ ಹಾಗೇ ಕಲಿಸಿದೆ. ಮೊದಲ ಐದಾರು ವರ್ಷ ನನ್ನ ಕ್ಲಾಸಿನ ಕಾಗುಣಿತ ರಸ್ತೆವರೆಗೆ ಕೇಳುತ್ತಿತ್ತು. ಇನ್‌ಸ್ಪೆಕ್ಟರು ಬಂದಾಗ ಮಕ್ಕಳು ಕ-ದಿಂದ ಳ-ವರೆಗೆ ಒಂದು ಸ್ವರ ತಪ್ಪದೆ ಹಾಡುತ್ತಿದ್ದರು, ನಾನು ಹೆಮ್ಮೆಯಿಂದ ನಿಂತಿರುತ್ತಿದ್ದೆ. ಅವರಲ್ಲೊಬ್ಬ ಕುರಿಗಾರರ ಹುಡುಗ, ಎಲ್ಲರಿಗಿಂತ ಜೋರು ದನಿ. ಒಂದು ಮಧ್ಯಾಹ್ನ ಬೋರ್ಡಿನ ನಡುವೆ ಬೆರಳಿಟ್ಟು ‘ಇದೇನಪ್ಪ?’ ಎಂದೆ. ಅದು ಮೆ. ಅವನು ಮೊದಲಿಂದ ಹಾಡುತ್ತ ಬಂದ, ಮ ತಲಕಟ್ಟು ಮ, ಮ-ಕೆ ಇಳಿ ಮಾ... ಏತ್ವಕ್ಕೆ ಬಂದು ನಿಂತು, ‘ಮೆ ಇರಬೇಕ್ರೀ’ ಎಂದ. ಅವನಿಗೆ ಗೊತ್ತಿದ್ದದ್ದು ಸಾಲಿನಲ್ಲಿ ಅದು ಎಷ್ಟನೆಯದು ಎಂಬುದು, ಅದರ ಮುಖ ಅಲ್ಲ. ಎರಡು ವರ್ಷ ನನ್ನ ಎದುರಿಗೆ ಕೂತಿದ್ದ ಮಗು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮರುದಿನ ಹಳ್ಳದಿಂದ ಎರಡು ಬುಟ್ಟಿ ಮರಳು ತರಿಸಿ, ಸಾಣಿಸಿ, ಕ್ಲಾಸಿನ ಹಿಂದಿನ ಕಟ್ಟೆ ಮೇಲೆ ಹರಡಿದೆ. ಆಗ ನಾನು ಕ್ಯಾಂಪ್‌ಬೆಲ್‌ನನ್ನೂ ಓದಿರಲಿಲ್ಲ, ದೆಲ್ಲಾ ವಾಲ್ಲೆಯ ಹೆಸರೂ ಕೇಳಿರಲಿಲ್ಲ. ಅಜ್ಜ ನನ್ನ ಬೆರಳು ಹಿಡಿದು ಅಂಗಳದ ಮಣ್ಣಿನಲ್ಲಿ ಬರೆಸುತ್ತಿದ್ದುದು ನೆನಪಿತ್ತು, ಅಷ್ಟೇ. ನಾಲ್ಕು ನಾಲ್ಕು ಮಕ್ಕಳನ್ನು ಕೂರಿಸಿದೆ. ನಿಯಮ ಒಂದೇ: ಬೆರಳು ಓಡುವಾಗ ಬಾಯಿ ಹೇಳಬೇಕು, ಬಾಯಿ ನಿಂತರೆ ಬೆರಳೂ ನಿಲ್ಲಬೇಕು. ‘ಗುಡಿಸು’ ಎನ್ನುವಾಗಲೇ ತಲೆ ಮೇಲೆ ಸುತ್ತು ಬರಬೇಕು, ‘ಕಿ’ ಎನ್ನುವಾಗ ಬೆರಳು ಎತ್ತಬೇಕು. ಸಾಲಾಗಿ ಹೇಳುವಂತಿಲ್ಲ, ನಾನು ಎಲ್ಲಿಂದ ಕೇಳಿದರೆ ಅಲ್ಲಿಂದ. ದೀಪಾವಳಿ ಹೊತ್ತಿಗೆ ಕುರಿಗಾರರ ಹುಡುಗ ತಂದೆಯ ಹೆಸರು, ತನ್ನ ನಾಯಿಯ ಹೆಸರು ಬರೆದ. ನಾಯಿಯ ಹೆಸರಿನಲ್ಲಿ ಒತ್ತಕ್ಷರ ಇತ್ತು, ಯಾರೂ ಹೇಳಿಕೊಡದೆ ಅದನ್ನೂ ಕಿವಿಯಿಂದಲೇ ತಿಳಿದು ಹಾಕಿದ್ದ.

ಮರಳಿನ ಗುಣವೇನೆಂದು ನಾನು ಬಹಳ ಯೋಚಿಸಿದ್ದೇನೆ. ಮರಳು ಬೆರಳಿಗೆ ಸ್ವಲ್ಪ ತಡೆ ಕೊಡುತ್ತದೆ. ಆ ತಡೆಯಿಂದ ಗೆರೆ ನಿಧಾನವಾಗುತ್ತದೆ, ಸದ್ದು ಬಂದು ಸೇರಲು ಹೊತ್ತು ಸಿಗುತ್ತದೆ. ತಪ್ಪಿದರೆ ಅಂಗೈ ಸವರಿದರಾಯಿತು, ತಪ್ಪು ಉಳಿಯುವುದಿಲ್ಲ. ಪಾಟಿಯ ಮೇಲೆ ಬರೆದು ಅಳಿಸಿದರೂ ಬಿಳಿ ಕಲೆ ಇರುತ್ತದೆ, ತೊಂಡೆ ಎಲೆ ಉಜ್ಜಬೇಕು. ಮಗು ಆ ಕಲೆಯನ್ನು ನೋಡುತ್ತಲೇ ಇರುತ್ತದೆ. ಮರಿಯಾ ಮಾಂಟೆಸರಿ ರೋಮಿನಲ್ಲಿ 1907ರಲ್ಲಿ ಮಕ್ಕಳ ಮನೆ ತೆರೆದ ಮೇಲೆ ಉಪ್ಪುಕಾಗದದಲ್ಲಿ ಅಕ್ಷರ ಕತ್ತರಿಸಿ, ಮಗು ಬೆರಳಾಡಿಸುತ್ತ ಅದರ ಸದ್ದು ಹೇಳುವ ಹಾಗೆ ಮಾಡಿದರು. ಆ ತಾಯಿ 1939ರಲ್ಲಿ ಮದ್ರಾಸಿನ ಅಡ್ಯಾರಿಗೆ ಬಂದು ಶಿಕ್ಷಕರಿಗೆ ತರಬೇತಿ ಕೊಟ್ಟರು. ಎಗ್ಮೋರಿನಿಂದ ಅಡ್ಯಾರು ಎಷ್ಟು ದೂರ! ಮರಳಿನಿಂದ ಹೊರಟ ಬೆರಳು ನೂರೈವತ್ತು ವರ್ಷದ ಮೇಲೆ ಅದೇ ಊರಿಗೆ ಉಪ್ಪುಕಾಗದ ಹಿಡಿದು ಬಂದ ಹಾಗೆ ನನಗೆ ಕಾಣುತ್ತದೆ.

ಸರಕಾರಿ ಶಾಲೆಗಳ ಚಿಕ್ಕ ತರಗತಿಗಳಿಗೆ ನಲಿಕಲಿ ಎಂಬ ಹೊಸ ಕಲಿಕೆಯ ಕ್ರಮ ಬಂದಾಗ ಬಹಳ ಟೀಚರುಗಳು ಬೇಸರ ಮಾಡಿಕೊಂಡರು, ನನಗೆ ಸಂತೋಷವಾಯಿತು. ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ಶುರುವಾಗಿ, 2009ರಲ್ಲಿ ರಾಜ್ಯಕ್ಕೆಲ್ಲ ಹರಡಿತು. ಅ ಆ ಇ ಈ ಬಿಟ್ಟು ರ ಗ ಸ ದ ಅ ಎಂದು ಮೊದಲ ಗುಂಪು. ಊರ ಹಿರಿಯರು ‘ಇದ್ಯಾವ ಓನಾಮರೀ ಟೀಚರ್’ ಎಂದು ಕೇಳಿದರು. ಅವರನ್ನು ಕೂರಿಸಿ ತೋರಿಸಿದೆ: ಐದೇ ಅಕ್ಷರ ಬಂದರೆ ಸರ, ಅರಸ, ಅಗಸ, ದಸರ, ಗರಗಸ, ಎಲ್ಲ ಓದಬಹುದು. ಮೊದಲ ವಾರವೇ ಮಗುವಿನ ಬಾಯಲ್ಲಿ ಅರ್ಥವಿರುವ ಮಾತು. ಒಂದು ತಟ್ಟೆಯಲ್ಲಿ ಟೀಚರ ಸಹಾಯ, ಇನ್ನೊಂದರಲ್ಲಿ ಜೊತೆಯವರ ಸಹಾಯ ಎಂದು ಮಕ್ಕಳು ನೆಲದ ಮೇಲೆ ಗುಂಪಾಗಿ ಕೂರುವುದನ್ನು ನೋಡಿದಾಗ ಇಕ್ಕೇರಿ ದಾರಿಯ ನಾಲ್ಕು ಹುಡುಗರು ಕಣ್ಣಿಗೆ ಕಟ್ಟುತ್ತಿದ್ದರು. ವರ್ಣಮಾಲೆಯ ಕ್ರಮ ಕೆಟ್ಟಿತೆಂದು ನಾನು ಹೇಳುವುದಿಲ್ಲ. ಕ-ವರ್ಗ ಗಂಟಲಿನಿಂದ ಹೊರಟು ಪ-ವರ್ಗ ತುಟಿಗೆ ಬಂದು ನಿಲ್ಲುವ ಆ ಸಾಲು ಬಾಯಿಯದೇ ನಕ್ಷೆ, ಎರಡನೇ ಕ್ಲಾಸಿನಲ್ಲಿ ಕನ್ನಡಿ ಹಿಡಿದು ಮಕ್ಕಳಿಗೆ ಅದನ್ನು ತೋರಿಸುತ್ತಿದ್ದೆ.

ಎಲ್ಲಕ್ಕಿಂತ ಕಷ್ಟದ್ದು ಅರ್ಕಾವತ್ತು. ಬೇರೆ ಒತ್ತಕ್ಷರದಲ್ಲಿ ಮೊದಲು ಕೇಳಿದ್ದು ಮೇಲೆ, ಆಮೇಲೆ ಕೇಳಿದ್ದು ಕೆಳಗೆ. ಸೂರ್ಯ ಎನ್ನುವಾಗ ರ್ ಮೊದಲು ಕೇಳುತ್ತದೆ, ಯ ಆಮೇಲೆ. ಬರೆಯುವಾಗ ಯ ಮೊದಲು, ಅರ್ಕಾವತ್ತು ಅದರ ಬೆನ್ನಿಗೆ. ಕಿವಿ ಹೇಳಿದ್ದಕ್ಕೂ ಕೈ ಮಾಡುವುದಕ್ಕೂ ಜಗಳ. ಕಿವಿ ಚುರುಕಾದ ಮಗು ‘ಸೂರಯ’ ಎಂದು ಬರೆಯುತ್ತದೆ, ಇಲ್ಲವೇ ಆ ಸದ್ದನ್ನೇ ಬಿಟ್ಟು ‘ಸೂಯ’ ಎಂದು ಬರೆಯುತ್ತದೆ. ನಾನು ಅದಕ್ಕೆ ಎಂದೂ ತಪ್ಪು ಗುರುತು ಹಾಕಲಿಲ್ಲ, ಪಕ್ಕದಲ್ಲಿ ಕೂತು ಮತ್ತೆ ಹೇಳಿಸುತ್ತಿದ್ದೆ. ವು ಬರೆಯುವಾಗಲೂ ಹೀಗೇ ಒಂದು ತೊಡಕಿದೆ: ಕು-ದಲ್ಲಿ ಕ-ದ ಮಗ್ಗುಲಿಗೆ ಹಚ್ಚುವ ಕೊಂಬನ್ನು ವ-ದ ಮಗ್ಗುಲಿಗೆ ಹಚ್ಚಿದರೆ ಅದು ಮ ಆಗಿಬಿಡುತ್ತದೆ, ಆದ್ದರಿಂದ ಕೆಳಗೆ ಎಳೆಯಬೇಕು. ಮಗುವಿಗೆ ಕಾರಣ ಹೇಳಿದರೆ ಒಮ್ಮೆಗೇ ಹಿಡಿಯುತ್ತದೆ.

ಕಡತದ ಕೊನೆಯ ಮಡಿಕೆಯ ಮಾತು ಇನ್ನೂ ಹೇಳಿಲ್ಲ. ಅಲ್ಲಿ ಅಜ್ಜನ ಕೈ ಇಲ್ಲ, ಐನೋರ ಕೈಯೂ ಇಲ್ಲ. ದೊಡ್ಡ ದೊಡ್ಡ ಸೊಟ್ಟ ಅಕ್ಷರ, ಒಂದೊಂದರ ನಡುವೆ ಎರಡು ಬೆರಳು ಜಾಗ. ಆರು ಹೆಸರು: ನಮ್ಮಪ್ಪ, ಅವನ ಅಣ್ಣ, ಮೂವರು ಅಕ್ಕಂದಿರು. ಎಲ್ಲಕ್ಕಿಂತ ಕೆಳಗೆ ಒಂದು ಹೆಸರು, ‘ಪಾವತಿ’. ಅಜ್ಜಿಯ ಹೆಸರು ಪಾರ್ವತಿ. ಮಠದ ಮೆಟ್ಟಿಲು ಹತ್ತದವಳು. ಅಂಗಡಿ ಮುಚ್ಚಿದ ಮೇಲೆ ಒಲೆ ಮುಂದೆ ಕೂತು ಅಜ್ಜ ಅವಳಿಗೆ ಬೂದಿಯಲ್ಲಿ ಬೆರಳಾಡಿಸಲು ಕಲಿಸಿದ, ಆಮೇಲೆ ಬಳಪ ಕೊಟ್ಟ ಎಂದು ಅಪ್ಪ ಹೇಳುತ್ತಿದ್ದ. ಅಕ್ಷರ, ಗುಣಿತ, ಆಮೇಲೆ ಮನುಷ್ಯರ ಹೆಸರು. ಕ್ಯಾಂಪ್‌ಬೆಲ್ ಬರೆದ ಕ್ರಮದಲ್ಲೇ.

ಹೋದ ಬೇಸಿಗೆಗೆ ಬೆಂಗಳೂರಿನಿಂದ ಮೊಮ್ಮಗಳು ಬಂದಿದ್ದಳು. ಏಳು ವರ್ಷ. ಶಾಲೆಯಲ್ಲಿ ಇಂಗ್ಲಿಷನ್ನು ಸದ್ದು ಬಿಡಿಸಿ ಬಿಡಿಸಿ ಓದಿಸುತ್ತಾರೆ, ಚೆನ್ನಾಗಿ ಓದುತ್ತಾಳೆ. ಕನ್ನಡ ನಾನು ಕಲಿಸಿದ್ದು, ಮೊರದಲ್ಲಿ ರಾಗಿ ಹರಡಿ. ಕಡತ ಬಿಚ್ಚಿ ತೋರಿಸಿದೆ. ಒಂದೊಂದೇ ಹೆಸರನ್ನು ಬೆರಳಿಟ್ಟು ಓದುತ್ತ ಕೆಳಗೆ ಬಂದಳು. ಕೊನೆಯದಕ್ಕೆ ನಿಂತಳು.

‘ಅಜ್ಜಿ, ಇದು ಯಾರು?’

‘ನಮ್ಮಜ್ಜಿ. ಪಾರ್ವತಿ.’

ಅವಳು ತುಟಿಯಲ್ಲೇ ಪಾ, ರ್, ವ ಎಂದು ಹೇಳಿಕೊಂಡು ಮತ್ತೆ ನೋಡಿದಳು. ‘ಅರ್ಕಾವತ್ತು ಬಿಟ್ಟಿದ್ದಾರೆ. ನಾನು ಹಾಕ್ಲಾ? ಬಳಪ ಕೊಡು.’

ಬಳಪ ನನ್ನ ಕೈಯಲ್ಲೇ ಇತ್ತು. ‘ಬೇಡ ಪುಟ್ಟ,’ ಎಂದೆ, ‘ಅದು ಅವರ ಕೈ. ನೀನು ಬೇಕಾದರೆ ಮೊರದಲ್ಲಿ ಬರಿ.’ ಅವಳು ಅಡುಗೆಮನೆಯಿಂದ ಮೊರ ತಂದು ರಾಗಿ ಹರಡಿಕೊಂಡು ಕೂತಳು.